ಕ್ಯಾಡ್–ಕ್ಯಾಮ್ ಲ್ಯಾಬ್ ಕಲಿಸುವವರಿಗೆ: ಒಂದು ಪಿನ್ನು ಹಿಡಿದು ಇಡೀ ಸೆಮಿಸ್ಟರ್

ಕ್ಯಾಡ್–ಕ್ಯಾಮ್ ಲ್ಯಾಬಿನಲ್ಲಿ (ಕ್ಯಾಡ್ ಎಂದರೆ ಕಂಪ್ಯೂಟರಿನಲ್ಲಿ ಭಾಗದ ವಿನ್ಯಾಸ, ಕ್ಯಾಮ್ ಎಂದರೆ ಆ ವಿನ್ಯಾಸದಿಂದ ಮಷೀನಿಗೆ ಪ್ರೋಗ್ರಾಂ ಮಾಡುವುದು) ಹೆಸರಿಗೆ ಒಂದೇ ಪಾಠ, ನಡೆಯುವುದು ಎರಡು. ಕಂಪ್ಯೂಟರ್ ಕೋಣೆಯಲ್ಲಿ ಹುಡುಗರು ಮ್ಯಾನ್ಯುವಲ್ ನೋಡಿಕೊಂಡು ಪ್ಲಮರ್ ಬ್ಲಾಕು, ಸ್ಕ್ರೂ ಜ್ಯಾಕು ಮಾಡೆಲ್ ಮಾಡುತ್ತಾರೆ. ಆಚೆ ಶೆಡ್ಡಿನಲ್ಲಿ ಪ್ರೋಗ್ರಾಮಿನಂತೆ ತಾನೇ ಕತ್ತರಿಸುವ ಸಿಎನ್‌ಸಿ ಮಷೀನಿನ ಸುತ್ತ ನಿಂತು, ಇನ್‌ಸ್ಟ್ರಕ್ಟರ್ ಸೈಕಲ್ ಸ್ಟಾರ್ಟ್ ಒತ್ತುವುದನ್ನು ನೋಡುತ್ತಾರೆ. ಮಾಡೆಲ್ ಮಾಡಿದ ಭಾಗ ಮಷೀನಿಗೆ ಹೋಗುವುದಿಲ್ಲ. ಮಷೀನಿನಲ್ಲಿ ಆದ ಭಾಗವನ್ನು ಯಾರೂ ಅಳೆಯುವುದಿಲ್ಲ.

ಒಂದೇ ಭಾಗವನ್ನು ಹಿಡಿದು ಪೆನ್ಸಿಲ್ಲಿನಿಂದ ಮೈಕ್ರೋಮೀಟರಿನವರೆಗೆ ಪ್ರತಿಯೊಬ್ಬರನ್ನೂ ನಡೆಸಬೇಕು ಎಂಬುದು ನನ್ನ ವಾದ. ಸಾಫ್ಟ್‌ವೇರಿನ ಕಮಾಂಡುಗಳು ದಾರಿಯಲ್ಲಿ ತಾವಾಗಿ ಬರುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಸುತ್ತಿನ ಕಾಲೇಜಿನಲ್ಲಿ ಇಪ್ಪತ್ತು ಮಂದಿಯ ಬ್ಯಾಚು, ಒಂದು ಟ್ರೈನರ್ ಲೇತು, ಆಗಾಗ ಕೈಕೊಡುವ ಕರೆಂಟು ಇಟ್ಟುಕೊಂಡು ಇದನ್ನು ಮಾಡುವ ಬಗೆ ಇಲ್ಲಿದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪಟ್ಟಿಯಲ್ಲಿರುವ ಪ್ರಯೋಗಗಳನ್ನು ಬಿಡಬೇಕಿಲ್ಲ, ಅವನ್ನೇ ಈ ಭಾಗದ ಸುತ್ತ ಹೊಂದಿಸಿಕೊಳ್ಳಬಹುದು.

ಹಂತ 1: ಮೊದಲು ಭಾಗ, ಆಮೇಲೆ ಸಾಫ್ಟ್‌ವೇರು

ಸೆಮಿಸ್ಟರ್ ಶುರುವಾಗುವ ಮುನ್ನ ಒಂದು ಮಧ್ಯಾಹ್ನ ಊರೊಳಗೆ ಸುತ್ತಾಡಿ ಬನ್ನಿ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಅಕ್ಕಿ ಗಿರಣಿಗಳಿವೆ. ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲುಗಳೂ ಸಿಗುತ್ತವೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು, ತೋರಣಗಲ್ಲಿನ ಉಕ್ಕಿನ ಕೆಲಸ ನೆಚ್ಚಿಕೊಂಡ ವರ್ಕ್‌ಶಾಪುಗಳು ಇವೆ, ಕೊಪ್ಪಳದ ಬೇವಿನಹಳ್ಳಿಯಲ್ಲಿ ಎರಕದ ಕಾರ್ಖಾನೆಯೇ ಇದೆ. ಸವೆದು ಮೂಲೆಗೆ ಬಿದ್ದ ಭಾಗ ಕೊಡಿ ಎಂದರೆ ಬೇಡ ಅನ್ನುವ ಮಾಲೀಕರು ಕಡಿಮೆ. ಕ್ಲಾಸಿನಲ್ಲೇ ಗಿರಣಿಯವರ ಮನೆಯ ಹುಡುಗನೋ ಲೇತ್ ಮಿಸ್ತ್ರಿಯ ಮಗಳೋ ಇರುತ್ತಾರೆ, ಅವರನ್ನೇ ಮುಂದೆ ಬಿಡಿ.

ಭಾಗ ಆರಿಸುವಾಗ ನಾಲ್ಕು ವಿಷಯ ನೋಡಿ. ವರ್ನಿಯರ್ ಹಾಕಿ ಅಳೆಯಲು ಬರಬೇಕು. ಒಂದರೊಳಗೆ ಇನ್ನೊಂದು ಕೂರುವ ಜಾಗ ಒಂದಾದರೂ ಇರಬೇಕು. ಲೇತಿನಲ್ಲಿ ಆಗುವುದೂ ಮಿಲ್ಲಿಂಗಿನಲ್ಲಿ ಆಗುವುದೂ ಎರಡೂ ಬರಬೇಕು. ನಿಮ್ಮ ಟ್ರೈನರ್ ಮಷೀನಿನ ಚಕ್ಕಿಗೆ (ಭಾಗವನ್ನು ಕಚ್ಚಿ ಹಿಡಿದು ತಿರುಗಿಸುವ ಹಿಡಿತಕ್ಕೆ) ಹಿಡಿಸಬೇಕು. ನನಗೆ ಒಪ್ಪುವ ಸೆಟ್ ಎಂದರೆ ಒಂದು ಗೈಡ್ ರೋಲರು: ಎರಡು ಕಿವಿಯ ಬ್ರ್ಯಾಕೆಟ್, ಮೆಟ್ಟಿಲು ಪಿನ್ನು, ಬುಷ್ಷು (ಪಿನ್ನು ಒಳಗೆ ಕೂರುವ ಕೊಳವೆ), ರೋಲರು. ಅದರ ಪಿನ್ನು ಹೀಗಿರಲಿ: 25 ಮಿ.ಮೀ. ತಲೆ, ನಂತರ 20 ಮಿ.ಮೀ. ವ್ಯಾಸದಲ್ಲಿ 30 ಉದ್ದ, ತುದಿಯಲ್ಲಿ 16 ವ್ಯಾಸದಲ್ಲಿ 15 ಉದ್ದ, ಮೂಲೆಗಳಿಗೆ 1 ಮಿ.ಮೀ. ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು).

ಹಳೆಯ ಮಷೀನಿನಿಂದ ತಂದ ಭಾಗ ಇಂಚಿನ ಲೆಕ್ಕದ್ದಾಗಿರುವುದುಂಟು. ಮಿಸ್ತ್ರಿ ‘ಆರು ಸೂತಿನ ಪಿನ್ನು’ ಎಂದರೆ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಹಳೆ ಬ್ರ್ಯಾಕೆಟ್ ಉಳಿಸಿಕೊಂಡು ಪಿನ್ನು ಮಾತ್ರ ಬದಲಿಸುವುದಾದರೆ 19.05ಕ್ಕೇ ಮಾಡಬೇಕು, ಇಡೀ ಸೆಟ್ ಹೊಸದಾದರೆ 20ಕ್ಕೆ ಹೋಗಬಹುದು. ಈ ತೀರ್ಮಾನವನ್ನು ನೀವು ಮಾಡಬೇಡಿ. ಹುಡುಗರು ವಾದ ಮಾಡಿ ಮಾಡಲಿ.

ಹಂತ 2: ಲ್ಯಾಬನ್ನು ನಮ್ಮ ಹವೆಗೆ ಸಜ್ಜುಮಾಡಿ

ಸಾಫ್ಟ್‌ವೇರ್ ಯಾವುದು ಎಂಬ ಜಗಳಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಕಾಲೇಜಿನಲ್ಲಿ ಸಾಲಿಡ್‌ವರ್ಕ್ಸ್ ಲೈಸೆನ್ಸ್ ಇದ್ದರೆ ಅದೇ ಸಾಕು. ಮನೆಯಲ್ಲಿ ಅಭ್ಯಾಸಕ್ಕೆ ಫ್ರೀಕ್ಯಾಡ್ ಹೇಳಿ. ಅದು ಮುಕ್ತ ಸಾಫ್ಟ್‌ವೇರು, ಇಂಟರ್ನೆಟ್ ಬೇಡ, 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅಸೆಂಬ್ಲಿ ಮಾಡುವ ಸೌಲಭ್ಯವೂ ಒಳಗೇ ಸೇರಿದೆ. ಕ್ಲೌಡ್ ನಂಬಿಕೊಂಡ ಸಾಫ್ಟ್‌ವೇರ್ ಆರಿಸುವುದಾದರೆ, ಇಪ್ಪತ್ತು ಮಂದಿ ಒಟ್ಟಿಗೆ ಲಾಗಿನ್ ಆದಾಗ ಕಾಲೇಜಿನ ನೆಟ್ ತಡೆಯುತ್ತದೆಯೇ ಎಂದು ಮೊದಲೇ ಒಮ್ಮೆ ನೋಡಿಕೊಳ್ಳಿ. ಮನೆಯಲ್ಲಿ ಕಂಪ್ಯೂಟರೇ ಇಲ್ಲದ, ಮೊಬೈಲು ಮಾತ್ರ ಇರುವ ವಿದ್ಯಾರ್ಥಿಗಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರಿಗಾಗಿ ವಾರದಲ್ಲಿ ಎರಡು ಸಂಜೆ ಲ್ಯಾಬ್ ತೆರೆದಿಡಿ, ಹಾಸ್ಟೆಲಿನವರೂ ಬರುತ್ತಾರೆ.

ಕರೆಂಟಿನ ವಿಚಾರದಲ್ಲಿ ಧಾರಾಳ ಬೇಡ. ಕಂಪ್ಯೂಟರುಗಳಿಗೆ ಯುಪಿಎಸ್, ಆಟೋಸೇವ್ ಐದು ನಿಮಿಷಕ್ಕೆ. ಸಿಎನ್‌ಸಿಗೆ ಸರ್ವೋ ಸ್ಟೆಬಿಲೈಸರ್, ಅದಕ್ಕೇ ಬೇರೆಯ ಅರ್ಥಿಂಗ್ ಗುಂಡಿ. ಬೇಸಿಗೆಯಲ್ಲಿ ಆ ಗುಂಡಿ ಒಣಗಿ ಹೋಗುತ್ತದೆ, ನೀರು ಹಾಕಿಸುವುದು ಅಟೆಂಡರ್ ಕೆಲಸದ ಪಟ್ಟಿಯಲ್ಲಿರಲಿ. ಕತ್ತರಿಸುವ ನಡುವೆ ಕರೆಂಟು ಹೋಗಿ ಬಂದರೆ ಟೂಲನ್ನು ಜಾಗ್ರತೆಯಿಂದ ಹಿಂದೆ ಸರಿಸಿ, ಹೋಮ್ ಮಾಡಿಸಿ (ಮಷೀನನ್ನು ಅದರ ಮೂಲ ಸ್ಥಾನಕ್ಕೆ ತಂದು), ಆಮೇಲೆಯೇ ಮುಂದಿನ ಮಾತು. ನಿಂತಲ್ಲಿಂದಲೇ ಸೈಕಲ್ ಸ್ಟಾರ್ಟ್ ಒತ್ತುವ ಧೈರ್ಯವನ್ನು ಯಾರಿಗೂ ಕೊಡಬೇಡಿ. ಇನ್ನು ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳು: ಕಂಟ್ರೋಲ್ ಪ್ಯಾನೆಲಿನ ಫ್ಯಾನ್ ಫಿಲ್ಟರನ್ನು ಸೆಮಿಸ್ಟರಿಗೊಮ್ಮೆ ಅಲ್ಲ, ಹದಿನೈದು ದಿನಕ್ಕೊಮ್ಮೆ ತೊಳೆಸಿ.

ಹಂತ 3: ಮೊದಲ ಕ್ಲಾಸಿನಲ್ಲಿ ಕಂಪ್ಯೂಟರ್ ಬಂದ್

ಮೊದಲ ದಿನ ಸವೆದ ಪಿನ್ನು, ವರ್ನಿಯರ್, ಬಿಳಿ ಹಾಳೆ, ಪೆನ್ಸಿಲ್ ಮಾತ್ರ. ಕೈಯಿಂದ ಎರಡು ವ್ಯೂ ಬರೆಯಲಿ, ನಮ್ಮಲ್ಲಿ ನಡೆಯುವ ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ. ಪಿನ್ನು ಅಳೆಯುವಾಗ ಒಂದೇ ಜಾಗದಲ್ಲಿ ಒಮ್ಮೆ ಅಳೆದು ಮುಗಿಸುವವರೇ ಜಾಸ್ತಿ. ಮೂರು ಜಾಗದಲ್ಲಿ, ಪ್ರತಿ ಜಾಗದಲ್ಲೂ ತಿರುಗಿಸಿ ಎರಡು ಸಲ ಅಳೆಸಿ. ಬುಷ್ಷಿನೊಳಗೆ ತಿರುಗುತ್ತಿದ್ದ ಕಡೆ ಒಂದು ಮಗ್ಗುಲಿಗೆ ಹೆಚ್ಚು ಸವೆದಿರುವುದು ಅವರ ಕೈಗೇ ಸಿಗುತ್ತದೆ. ‘ಹಾಗಾದರೆ ಹೊಸ ಪಿನ್ನಿಗೆ ಯಾವ ಅಳತೆ ಹಾಕೋಣ?’ ಎಂಬ ಪ್ರಶ್ನೆ ಅಲ್ಲಿ ಹುಟ್ಟಬೇಕು. ಸವೆದದ್ದನ್ನು ಅಳೆದು ಹಾಗೇ ಮಾಡೆಲ್ ಮಾಡಿದರೆ ಹೊಸ ಪಿನ್ನೂ ಹುಟ್ಟುತ್ತಲೇ ಸವೆದಿರುತ್ತದೆ.

ಪಾಠದ ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರು ಕೈಕೆಲಸದಲ್ಲಿ ಮುಂದಿರುತ್ತಾರೆ, ಬಾಯಿ ಬಿಡುವುದಿಲ್ಲ. ವಿವರಣೆ ಕನ್ನಡದಲ್ಲಿರಲಿ, ಹೆಸರುಗಳು ಮಷೀನಿನ ಮೇಲೆ ಬರೆದಿರುವಂತೆಯೇ ಇರಲಿ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ), ಆಫ್‌ಸೆಟ್ (ಟೂಲಿನ ಜಾಗಕ್ಕೆ ಕೊಡುವ ತಿದ್ದುಪಡಿ), ಫೀಡ್ (ಟೂಲು ಮುನ್ನಡೆಯುವ ವೇಗ) ಇವಕ್ಕೆ ಹೊಸ ಪದ ಹುಡುಕಿ ಕೂರುವ ಅಗತ್ಯವಿಲ್ಲ.

ಹಂತ 4: ಸ್ಕೆಚ್ ಗಟ್ಟಿಯಾಗುವವರೆಗೆ ಮುಂದೆ ಹೋಗಬೇಡಿ

ಇಡೀ ಕೋರ್ಸಿನಲ್ಲಿ ಹೆಚ್ಚು ತಾಳ್ಮೆ ಬೇಡುವ ಜಾಗ ಇದು. ಹುಡುಗರಿಗೆ ಎಕ್ಸ್‌ಟ್ರೂಡ್ ಮಾಡುವ ಆತುರ. ಗೆರೆಗಳು ಕಣ್ಣಿಗೆ ಸರಿ ಕಂಡರೆ ಸಾಕು, ಮೂರು ಆಯಾಮಕ್ಕೆ ಹಾರಿಬಿಡುತ್ತಾರೆ. ಆ ಗೆರೆಗಳು ಒಂದಕ್ಕೊಂದು ಕಟ್ಟಿಕೊಂಡಿವೆಯೇ ಎಂಬುದನ್ನು ನೋಡುವುದಿಲ್ಲ.

ಬೋರ್ಡಿನ ಮೇಲೆ ಒಂದು ಆಯತ ಬರೆದು ಲೆಕ್ಕ ಹಾಕಿಸಿ. ನಾಲ್ಕು ಮೂಲೆ, ಒಂದೊಂದಕ್ಕೂ ಎಕ್ಸ್ ಮತ್ತು ವೈ ದಿಕ್ಕಿನ ಓಡಾಟ. ಒಟ್ಟು ಎಂಟು ಸ್ವಾತಂತ್ರ್ಯ. ಎರಡು ಗೆರೆ ಅಡ್ಡ, ಎರಡು ಗೆರೆ ಉದ್ದ ಎಂದು ಕಟ್ಟಿದರೆ ನಾಲ್ಕು ಹೋಗಿ ನಾಲ್ಕು ಉಳಿಯಿತು. ಅಗಲ, ಎತ್ತರ ಕೊಟ್ಟರೆ ಎರಡು. ಒಂದು ಮೂಲೆಯನ್ನು ಮೂಲಬಿಂದುವಿಗೆ ಕೂರಿಸಿದರೆ ಸೊನ್ನೆ. ಈ ಲೆಕ್ಕ ಒಮ್ಮೆ ಕೈಯಲ್ಲಿ ಮಾಡಿದವರಿಗೆ ಸ್ಕ್ರೀನಿನ ಬಣ್ಣ ಅರ್ಥವಾಗುತ್ತದೆ: ಸಾಲಿಡ್‌ವರ್ಕ್ಸ್‌ನಲ್ಲಿ ಪೂರ್ತಿ ಕಟ್ಟಿದ ಗೆರೆ ಕಪ್ಪು, ಸಡಿಲವಿದ್ದರೆ ನೀಲಿ. ಫ್ರೀಕ್ಯಾಡಿನಲ್ಲಿ ಪೂರ್ತಿಯಾದರೆ ಹಸಿರು. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಮಾಡಿದ ಸ್ಕೆಚ್‌ಪ್ಯಾಡಿನಲ್ಲೇ ಗೆರೆಗಳನ್ನು ಹೀಗೆ ಷರತ್ತು ಹಾಕಿ ಕಟ್ಟುವ ವ್ಯವಸ್ಥೆ ಇತ್ತು. ಹಾಗಾಗಿ ಇದು ಯಾವುದೋ ಒಂದು ಕಂಪನಿಯ ಮೆನುವಿನ ವಿಷಯ ಅಲ್ಲ.

‘ಸರ್, ಹಸಿರಾಗವಲ್ದ್ರಿ’ ಎಂದು ಕರೆಯುತ್ತಾರೆ. ಹೋಗಿ ಮೌಸು ಕಸಿದುಕೊಂಡು ನೀವೇ ಸರಿಮಾಡಬೇಡಿ. ‘ಎಳದ ನೋಡವ್ವಾ, ಯಾವ ಗೆರಿ ಅಲಗಾಡ್ತದ?’ ಎಂದು ಕೇಳಿ. ಅವಳು ಗೆರೆ ಎಳೆದಾಗ ವೃತ್ತವೊಂದೇ ಪಕ್ಕಕ್ಕೆ ಜಾರಿದರೆ, ಅದರ ಕೇಂದ್ರ ಎಲ್ಲಿಗೂ ಕಟ್ಟಿಲ್ಲ ಎಂದು ಅವಳೇ ಹೇಳುತ್ತಾಳೆ.

ಮುಂದಿನದು ನಾನು ಬಿಡದೆ ಮಾಡಿಸುವ ಪರೀಕ್ಷೆ. ಬ್ರ್ಯಾಕೆಟ್ ಮಾಡೆಲ್ ಮುಗಿದ ಮೇಲೆ ಅಗಲವನ್ನು 60ರಿಂದ 80ಕ್ಕೆ ಬದಲಿಸಿ ಎನ್ನಿ. ಪಿನ್ನಿನ ತೂತು ನಡುವಲ್ಲೇ ಉಳಿಯಿತೇ? ಎರಡೂ ಕಿವಿಗಳ ತೂತು ಒಂದೇ ಸಾಲಿನಲ್ಲಿವೆಯೇ? ಬೋಲ್ಟಿನ ತೂತುಗಳು ಅಂಚು ದಾಟಿ ಗಾಳಿಯಲ್ಲಿ ನಿಂತವೇ? ಚಿತ್ರ ಎಷ್ಟೇ ಚೆನ್ನಾಗಿರಲಿ, ಈ ಬದಲಾವಣೆಗೆ ಮುರಿದುಬಿದ್ದರೆ ಅಂಕ ಇಲ್ಲ. ಮುರಿದವರು ಮತ್ತೆ ಕೂತು ಸಿಮೆಟ್ರಿ ಹಾಕುತ್ತಾರೆ, ಮೂಲಬಿಂದುವನ್ನು ಮೂಲೆಯಿಂದ ನಡುವಿಗೆ ತರುತ್ತಾರೆ. ವಿನ್ಯಾಸದ ಉದ್ದೇಶ ಎಂದು ಪುಸ್ತಕದಲ್ಲಿ ಬರೆದಿರುವುದು ಆ ಅರ್ಧ ಗಂಟೆಯಲ್ಲಿ ತಲೆಗೆ ಹೋಗುತ್ತದೆ.

ಪಿನ್ನನ್ನು ಮೂರು ಸಿಲಿಂಡರ್ ಒಂದರ ಮೇಲೊಂದು ಪೇರಿಸಿ ಮಾಡುವುದನ್ನು ತಡೆಯಿರಿ. ಅರ್ಧ ಆಕೃತಿ ಬರೆದು ಅಕ್ಷದ ಸುತ್ತ ತಿರುಗಿಸಿ ಮಾಡಲಿ. ಮುಂದೆ ಲೇತಿನ ಪ್ರೋಗ್ರಾಂ ಬರೆಯುವಾಗ ಬೇಕಾಗುವುದು ಅದೇ ಅರ್ಧ ಆಕೃತಿ.

ಹಂತ 5: ಅಸೆಂಬ್ಲಿ ಮತ್ತು ಮೈಕ್ರಾನಿನ ಲೆಕ್ಕ

ಮಾಡೆಲಿನಲ್ಲಿ ಪಿನ್ನೂ 20, ಬುಷ್ಷಿನ ತೂತೂ 20. ಕಂಪ್ಯೂಟರಿನಲ್ಲಿ ಸುಲಭವಾಗಿ ಕೂರುತ್ತದೆ, ಇಂಟರ್‌ಫರೆನ್ಸ್ ಚೆಕ್ (ಭಾಗಗಳು ಒಂದರೊಳಗೊಂದು ನುಗ್ಗಿವೆಯೇ ಎಂದು ನೋಡುವುದು) ಸಹ ಸುಮ್ಮನಿರುತ್ತದೆ. ಶೆಡ್ಡಿನಲ್ಲಿ ಎರಡನ್ನೂ ಸರಿಯಾಗಿ 20ಕ್ಕೆ ಮಾಡಿದರೆ ಪಿನ್ನು ಒಳಗೆ ಹೋಗುವುದಿಲ್ಲ. ಇಲ್ಲಿಂದ ಲಿಮಿಟ್ಸ್ ಅಂಡ್ ಫಿಟ್ಸ್ ಶುರುಮಾಡಿ. ಥಿಯರಿ ಕ್ಲಾಸಿನಲ್ಲಿ ಕೋಷ್ಟಕವಾಗಿ ಬಂದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಎಚ್7/ಜಿ6 ತೆಗೆದುಕೊಳ್ಳಿ: ಎಚ್7 ತೂತಿನ ಮಿತಿ, ಜಿ6 ಪಿನ್ನಿನ ಮಿತಿ. 20 ಮಿ.ಮೀ.ಗೆ ತೂತು 20.000ರಿಂದ 20.021, ಪಿನ್ನು 19.980ರಿಂದ 19.993. ಎಷ್ಟೇ ಬಿಗಿಯಾದರೂ 7 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.) ಸಡಿಲ, ಎಷ್ಟೇ ಸಡಿಲವಾದರೂ 41. ತೂತಿಗೆ 19.75ರ ಡ್ರಿಲ್ ಹಾಕಿ, ನಂತರ 20 ಎಚ್7 ರೀಮರ್ (ತೂತನ್ನು ನಿಖರ ಅಳತೆಗೆ ತರುವ ಟೂಲು) ಓಡಿಸಿದರೆ ಆ ಕಡೆಯ ಚಿಂತೆ ಬಹುಪಾಲು ಮುಗಿಯುತ್ತದೆ. ಪಿನ್ನಿನ 13 ಮೈಕ್ರಾನ್ ಹಿಡಿಯುವುದೇ ಕಷ್ಟ. ನಿಮ್ಮ ಹಳೆಯ ಲೇತಿಗೆ ಅದು ದಕ್ಕದಿದ್ದರೆ ನಾಚಿಕೆ ಬೇಡ, ಎಚ್8/ಎಫ್7ಕ್ಕೆ ಇಳಿಯಿರಿ. ಆಗ ಪಿನ್ನು 19.959ರಿಂದ 19.980ರೊಳಗೆ ಬಂದರೆ ಸಾಕು.

ಈಗ ನಮ್ಮ ಬಿಸಿಲಿನ ಮಾತು. ಅಳತೆಗಳ ಲೆಕ್ಕವೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ. ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಶೆಡ್ಡು 40 ದಾಟುತ್ತದೆ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಹಾಗಾಗಿ 20 ಮಿ.ಮೀ. ಪಿನ್ನು 20 ಡಿಗ್ರಿ ಏರಿಕೆಗೆ ಹಿಗ್ಗುವುದು ಸುಮಾರು 5 ಮೈಕ್ರಾನ್, ಅಂದರೆ ಟಾಲರೆನ್ಸಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಮೈಕ್ರೋಮೀಟರೂ ಉಕ್ಕಿನದೇ ಆಗಿ, ಎರಡೂ ಒಂದೇ ಮೇಜಿನ ಮೇಲೆ ಅಷ್ಟೇ ಬಿಸಿಯಾಗಿದ್ದರೆ ತಪ್ಪು ಬಹುಮಟ್ಟಿಗೆ ತಾನೇ ಕಳೆದುಹೋಗುತ್ತದೆ. ಅಲ್ಯೂಮಿನಿಯಂ ಪಿನ್ನಾದರೆ ಕಳೆಯುವುದಿಲ್ಲ, ಅದು ಉಕ್ಕಿನ ಸರಿಸುಮಾರು ಎರಡರಷ್ಟು ಹಿಗ್ಗುತ್ತದೆ. ಮಷೀನಿನಿಂದ ಆಗಷ್ಟೇ ಇಳಿದ ಬಿಸಿ ಪಿನ್ನನ್ನು ಅಳೆಯುವುದಂತೂ ಬೇಡವೇ ಬೇಡ.

ಇದೇ ಸೂತ್ರವನ್ನು ದೊಡ್ಡದರ ಮೇಲೆ ಹಾಕಿಸಿ. ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳು ಒಂದೊಂದೂ 60 ಅಡಿ ಅಗಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು, ಹರಿಯುವ ನೀರಿನಲ್ಲೇ ಗೇಟಿನ ಬದಲು ತಡೆಯಾಗಿ ಸ್ಟಾಪ್‌ಲಾಗ್ ಇಳಿಸಿದ್ದು ಈ ಮೂರೂ ಜಿಲ್ಲೆಯ ಹುಡುಗರಿಗೆ ಗೊತ್ತು. ಹಲವರ ಮನೆಯ ಗದ್ದೆಗೆ ಬರುವುದು ಅದೇ ಕಾಲುವೆಯ ನೀರು. 60 ಅಡಿಯ ಉಕ್ಕು 20 ಡಿಗ್ರಿ ಏರಿಕೆಗೆ ಎಷ್ಟು ಹಿಗ್ಗುತ್ತದೆ? ಸುಮಾರು 4.4 ಮಿ.ಮೀ. ಗೇಟು ಕೂರುವ ತೋಡಿನಲ್ಲಿ (ಗ್ರೂವ್) ಎಷ್ಟು ಜಾಗ ಬಿಡಬೇಕು ಎಂದು ಮುಂದೆ ಕೇಳಿದರೆ ಕ್ಲಾಸು ಅರ್ಧ ಗಂಟೆ ನಿಮ್ಮ ಕೈಗೆ ಸಿಗುವುದಿಲ್ಲ. ಸಿಗದಿರಲಿ.

ಡ್ರಾಯಿಂಗ್ ಶೀಟಿಗೆ ಹೆಚ್ಚು ಹೇಳಬೇಕಿಲ್ಲ: ಟೈಟಲ್ ಬ್ಲಾಕು, ಫಸ್ಟ್ ಆ್ಯಂಗಲ್ ಗುರುತು, ಮೆಟೀರಿಯಲ್, ಟಾಲರೆನ್ಸ್. ಆ ಶೀಟನ್ನು ಪಕ್ಕದ ಗುಂಪಿನವರಿಗೆ ಕೊಟ್ಟು, ಬಾಯಿ ಬಿಡದೆ ಅವರಿಂದ ಮಾಡೆಲ್ ಮಾಡಿಸಿ. ಬಿಟ್ಟುಹೋದ ಅಳತೆ ಯಾವುದೆಂದು ಅವರೇ ಹೇಳುತ್ತಾರೆ.

ಹಂತ 6: ಪ್ರಿಂಟ್ ತೆಗೆದು ನೋಡುವುದು

ತ್ರೀಡಿ ಪ್ರಿಂಟರ್ ಇದ್ದರೆ ಬ್ರ್ಯಾಕೆಟನ್ನು ಪ್ಲಾಸ್ಟಿಕ್ಕಿನ ಒಂದು ಬಗೆಯಾದ ಪಿಎಲ್‌ಎಯಲ್ಲಿ ತೆಗೆಯಿರಿ. ಎಸ್‌ಟಿಎಲ್ ಫೈಲಿನಲ್ಲಿ, ಅಂದರೆ ಪ್ರಿಂಟರಿಗೆ ಕೊಡುವ ಫೈಲಿನಲ್ಲಿ, ಅಳತೆಯ ಯೂನಿಟ್ ಇರುವುದಿಲ್ಲ. ಇಂಚಿನಲ್ಲಿ ಸೇವ್ ಮಾಡಿದ ಭಾಗ ಪ್ರಿಂಟರಿನಲ್ಲಿ 25.4 ಪಟ್ಟು ಕುಗ್ಗಿ ಕಡಲೆಕಾಳಿನಷ್ಟು ಬರುತ್ತದೆ. ಬೇರೆ ಸಾಫ್ಟ್‌ವೇರಿಗೆ ಮಾಡೆಲ್ ಒಯ್ಯಬೇಕಾದರೆ ಸ್ಟೆಪ್ ಫೈಲ್ ಬಳಸಿ. ಪ್ರಿಂಟಿನಲ್ಲಿ ತೂತುಗಳು ಮಾಡೆಲಿಗಿಂತ ಸ್ವಲ್ಪ ಚಿಕ್ಕದಾಗಿಯೇ ಬರುತ್ತವೆ, ಸಡಿಲು 0.2–0.3 ಮಿ.ಮೀ. ಬಿಟ್ಟು ನೋಡಿ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಮನೆಗೆ ಒಯ್ದರೆ ಸೊಟ್ಟಗಾದೀತು. ಪ್ರಿಂಟರ್ ಇಲ್ಲದಿದ್ದರೆ ಈ ಹಂತ ಬಿಡಿ, ಕೋರ್ಸಿಗೆ ಏನೂ ಕೊರತೆಯಿಲ್ಲ.

ಹಂತ 7: ಕ್ಯಾಮ್ ತೆರೆಯುವ ಮುನ್ನ ಪ್ರೋಗ್ರಾಂ ಕೈಯಲ್ಲಿ

ಕ್ಯಾಮ್ ಸಾಫ್ಟ್‌ವೇರು ನಾಲ್ಕು ಕ್ಲಿಕ್ಕಿಗೆ ನೂರಾರು ಸಾಲಿನ ಜಿ-ಕೋಡ್ (ಮಷೀನಿಗೆ ಕೊಡುವ ಆಜ್ಞೆಗಳು) ಉಗುಳುತ್ತದೆ. ಆ ಸಾಲುಗಳನ್ನು ಓದಲು ಬಾರದವರನ್ನು ಮಷೀನಿನ ಮುಂದೆ ನಿಲ್ಲಿಸಬಾರದು. ಹಾಗಾಗಿ ಪಿನ್ನಿನ ಪ್ರೋಗ್ರಾಂ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಲಿ.

ಶುರುವಿಗೆ ವೇಗ. ಕಟಿಂಗ್ ಸ್ಪೀಡನ್ನು 1000ದಿಂದ ಗುಣಿಸಿ, ಪೈ ಮತ್ತು ವ್ಯಾಸಗಳ ಗುಣಲಬ್ಧದಿಂದ ಭಾಗಿಸಿದರೆ ಆರ್‌ಪಿಎಂ. ಮೈಲ್ಡ್ ಸ್ಟೀಲಿಗೆ ಕಾರ್ಬೈಡ್ ಟೂಲಿನಲ್ಲಿ, ಟ್ರೈನರ್ ಮಷೀನಿನ ಶಕ್ತಿ ನೋಡಿಕೊಂಡು, ನಿಮಿಷಕ್ಕೆ 80 ಮೀಟರ್ ಹಿಡಿಯಿರಿ. 25 ವ್ಯಾಸಕ್ಕೆ 1019 ಬರುತ್ತದೆ, 1000 ಇಡೋಣ.

ಪಿನ್ನಿನ ತುದಿಯ ಮುಖವನ್ನೇ ಝಡ್ ಸೊನ್ನೆ ಎಂದಿಟ್ಟು, ಫಿನಿಶಿಂಗ್ ಹಾದಿ ಹೀಗೆ:

ಜಿ00 ಎಕ್ಸ್14. ಝಡ್2.
ಜಿ01 ಝಡ್0. ಎಫ್0.1
ಎಕ್ಸ್16. ಝಡ್-1.
ಝಡ್-15.
ಎಕ್ಸ್17.987
ಎಕ್ಸ್19.987 ಝಡ್-16.
ಝಡ್-45.
ಎಕ್ಸ್26.

ಜಿ00 ಎಂದರೆ ಕತ್ತರಿಸದೆ ವೇಗವಾಗಿ ಸರಿಯುವುದು, ಜಿ01 ಎಂದರೆ ಕತ್ತರಿಸುತ್ತ ನೇರ ಸಾಗುವುದು, ಎಫ್ ಎಂದರೆ ಫೀಡ್, ಝಡ್ ಎಂದರೆ ಪಿನ್ನಿನ ಉದ್ದದ ದಿಕ್ಕು, ಎಕ್ಸ್ ಎಂದರೆ ವ್ಯಾಸ. ಅದಕ್ಕೇ 1 ಮಿ.ಮೀ. ಚಾಂಫರಿಗೆ ಎಕ್ಸ್ 14ರಿಂದ 16ಕ್ಕೆ ಎರಡು ಏರುತ್ತದೆ, ಝಡ್ ಒಂದೇ ಇಳಿಯುತ್ತದೆ. 20 ಎಂದು ಬರೆಯದೆ 19.987 ಬರೆದದ್ದು ಜಿ6 ಟಾಲರೆನ್ಸಿನ ನಡುಭಾಗಕ್ಕೆ ಗುರಿಯಿಟ್ಟು. ಇದನ್ನು ಯಾರಾದರೂ ತಾವಾಗಿ ಕೇಳಿದರೆ ಆ ಬ್ಯಾಚು ದಾರಿಗೆ ಬಂದಿದೆ ಎಂದುಕೊಳ್ಳಿ.

ಎರಡು ಜಾಗದಲ್ಲಿ ಕಾಲು ಜಾರುವುದು ಖಂಡಿತ. ಒಂದು, ಅಂಕಿಯ ಕೊನೆಗೆ ಹಾಕುವ ದಶಮಾಂಶ ಬಿಂದು. ಫ್ಯಾನುಕ್ ಕಂಪನಿಯ ಕಂಟ್ರೋಲಿನಲ್ಲಿ ಪ್ಯಾರಾಮೀಟರ್ ಹಾಗೆ ಇಟ್ಟಿದ್ದರೆ, ಬಿಂದು ಇಲ್ಲದ ಎಕ್ಸ್20 ಎಂದರೆ 20 ಮೈಕ್ರಾನ್. ಟೂಲು ನೇರ ನಡುವಿಗೆ ನುಗ್ಗುತ್ತದೆ. ಎರಡು, ರಫಿಂಗಿನ (ಫಿನಿಶಿಂಗಿಗೆ ಮುನ್ನ ಹೆಚ್ಚಿನ ಲೋಹ ತೆಗೆಯುವ) ಜಿ71 ಸೈಕಲ್. ಅದರ ಮೊದಲ ಸಾಲಿನ ಯು ಎಂದರೆ ಒಂದು ಸಲಕ್ಕೆ ಇಳಿಯುವ ಆಳ, ತ್ರಿಜ್ಯದ ಲೆಕ್ಕದಲ್ಲಿ. ಎರಡನೇ ಸಾಲಿನ ಯು ಎಂದರೆ ಫಿನಿಶಿಂಗಿಗೆ ಬಿಡುವ ಅಂಶ, ವ್ಯಾಸದ ಲೆಕ್ಕದಲ್ಲಿ. ಒಂದೇ ಅಕ್ಷರ, ಎರಡು ಲೆಕ್ಕ. ಬೋರ್ಡಿನ ಮೂಲೆಯಲ್ಲಿ ಬರೆದು ಸೆಮಿಸ್ಟರ್ ಮುಗಿಯುವವರೆಗೆ ಅಳಿಸಬೇಡಿ.

ಇನ್ನೊಂದು ಸೂಕ್ಷ್ಮವಿದೆ, ಮಾಡೆಲಿಗೂ ಮಷೀನಿಗೂ ಸೇತುವೆ ಹಾಕುವಂಥದ್ದು. ಮಾಡೆಲಿನಲ್ಲಿ ಪಿನ್ನಿನ ತಲೆ ಸೇರುವ ಒಳಮೂಲೆ ಚೂಪಾಗಿದೆ. ಟೂಲ್ ಇನ್ಸರ್ಟಿನ (ಕತ್ತರಿಸುವ ತುಂಡಿನ) ಮೂಗಿಗೆ 0.4 ಮಿ.ಮೀ. ತ್ರಿಜ್ಯ ಇದ್ದರೆ ಆ ಮೂಲೆಯಲ್ಲಿ 0.4ರ ಉಬ್ಬು ಉಳಿದೇ ಉಳಿಯುತ್ತದೆ. ಬುಷ್ಷಿನ ಅಂಚಿಗೆ ಅದಕ್ಕಿಂತ ದೊಡ್ಡ ಚಾಂಫರ್ ಕೊಡದಿದ್ದರೆ ಬುಷ್ಷು ತಲೆಗೆ ತಾಗಿ ಕೂರುವುದಿಲ್ಲ. ಹುಡುಗರು ಕ್ಯಾಡಿಗೆ ವಾಪಸು ಹೋಗಿ ಬುಷ್ಷನ್ನು ತಿದ್ದಲಿ. ಈ ವಾಪಸು ಓಡಾಟಕ್ಕಾಗಿಯೇ ಲ್ಯಾಬಿನ ಹೆಸರಿನಲ್ಲಿ ಕ್ಯಾಡ್ ಮತ್ತು ಕ್ಯಾಮ್ ಒಟ್ಟಿಗಿರುವುದು.

ಇಷ್ಟಾದ ಮೇಲೆ ಕ್ಯಾಮ್ ತೆರೆಯಿರಿ. ಸ್ಟಾಕ್, ಮೂಲಬಿಂದು, ಟೂಲು, ಆಪರೇಷನ್, ಸಿಮ್ಯುಲೇಷನ್, ಕೊನೆಗೆ ನಿಮ್ಮ ಕಂಟ್ರೋಲಿಗೆ ಹೊಂದುವ ಪೋಸ್ಟ್ ಪ್ರೊಸೆಸರ್ (ಟೂಲಿನ ಹಾದಿಯನ್ನು ಆ ಮಷೀನಿನ ಜಿ-ಕೋಡಿಗೆ ತಿರುಗಿಸುವುದು). ಕ್ಯಾಮ್ ಕೊಟ್ಟ ಸಾಲುಗಳನ್ನೂ ನೋಟ್‌ಬುಕ್ಕಿನ ಸಾಲುಗಳನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿಸಿ. ಬ್ರ್ಯಾಕೆಟ್ಟಿನ ಮಿಲ್ಲಿಂಗಿಗೆ ಕ್ಯಾಮ್ ಒಂದೇ ಸಾಕು. ಮೂರು ಅಕ್ಷದ ಹಾದಿಯನ್ನು ಸ್ಕ್ರೀನಿನಲ್ಲಿ ನೋಡಲು ಕ್ಯಾಮೋಟಿಕ್ಸ್ ಎಂಬ ಮುಕ್ತ ಸಿಮ್ಯುಲೇಟರೂ ಇದೆ.

ಹಂತ 8: ಮಷೀನಿನ ದಿನ

ಇಪ್ಪತ್ತು ಮಂದಿಯನ್ನು ಒಂದು ಲೇತಿನ ಸುತ್ತ ನಿಲ್ಲಿಸಬೇಡಿ. ಐದೈದರ ನಾಲ್ಕು ಗುಂಪು ಮಾಡಿ: ಒಂದು ಪ್ರೋಗ್ರಾಂ ಬರೆಯುತ್ತದೆ, ಒಂದು ಸಿಮ್ಯುಲೇಷನ್ ನೋಡುತ್ತದೆ, ಒಂದು ಮಷೀನಿನಲ್ಲಿ, ಒಂದು ಅಳತೆಯ ಮೇಜಿನಲ್ಲಿ. 40 ನಿಮಿಷಕ್ಕೊಮ್ಮೆ ಜಾಗ ಬದಲು. ಮೂರು ಗಂಟೆಯಲ್ಲಿ ನಾಲ್ಕು ಸುತ್ತೂ ಮುಗಿದು ಗುಡಿಸಲು ಇಪ್ಪತ್ತು ನಿಮಿಷ ಉಳಿಯುತ್ತದೆ.

ದುಪಟ್ಟಾ ಹಿಂದಕ್ಕೆ ಕಟ್ಟಬೇಕು, ಜಡೆ ಏಪ್ರನ್ನಿನೊಳಗೆ, ಕಾಲಿಗೆ ಬೂಟು, ಕಣ್ಣಿಗೆ ಕನ್ನಡಕ. ಕೈಗವಸು ಹಾಕಿಕೊಂಡು ತಿರುಗುವ ಚಕ್ಕಿನ ಹತ್ತಿರ ಹೋಗಬಾರದು. ಜಾತ್ರೆಯಲ್ಲಿ ಕಟ್ಟಿಸಿಕೊಂಡ ದಾರ, ಕಡಗ ಎಲ್ಲ ತೆಗೆಸಿ. ‘ದೇವರ ದಾರ ಐತ್ರಿ, ಬಿಚ್ಚಂಗಿಲ್ರಿ’ ಎಂದರೆ ಗದರಬೇಡಿ. ಬಿಗಿ ತೋಳಿನ ಅಂಗಿ ಹಾಕಿಸಿ ಅಳತೆಯ ಮೇಜಿಗೆ, ಪ್ರೋಗ್ರಾಮಿಗೆ ಕಳಿಸಿ, ಮಷೀನಿಗೆ ಬೇಡ. ಕತ್ತರಿಸಿ ಬಿದ್ದ ಲೋಹದ ಸುರುಳಿಗಳನ್ನು (ಚಿಪ್ಸ್) ಕೈಯಿಂದಲ್ಲ, ಕೊಕ್ಕೆಯಿಂದ ಎಳೆಯಬೇಕು.

ಕ್ರಮ ತಪ್ಪಬಾರದ್ದು ಇಲ್ಲಿ ಮಾತ್ರ:

1. ಮಷೀನ್ ಹೋಮ್ ಮಾಡಿಸಿ.
2. ಬಾರನ್ನು ಚಕ್ಕಿಗೆ ಬಿಗಿದು, ಚಕ್ ಕೀಯನ್ನು ತೆಗೆದು ಗೂಟಕ್ಕೆ ನೇತುಹಾಕಿ. ಕೀ ಗೂಟದಲ್ಲಿ ಕಾಣದಿದ್ದರೆ ಯಾರೂ ಸ್ಪಿಂಡಲ್ ಸ್ಟಾರ್ಟ್ ಮಾಡುವಂತಿಲ್ಲ.
3. ಮುಖ ಸವರಿ ಝಡ್ ಆಫ್‌ಸೆಟ್, ವ್ಯಾಸ ಸವರಿ ಅಳೆದು ಎಕ್ಸ್ ಆಫ್‌ಸೆಟ್ ಹಾಕಿ.
4. ವರ್ಕ್ ಆಫ್‌ಸೆಟ್ಟನ್ನು ಝಡ್‌ನಲ್ಲಿ 50 ಮಿ.ಮೀ. ಆಚೆಗೆ ಸರಿಸಿ, ಬಾರಿನಿಂದ ದೂರದ ಗಾಳಿಯಲ್ಲಿ ಇಡೀ ಪ್ರೋಗ್ರಾಂ ಓಡಿಸಿ.
5. ಆಫ್‌ಸೆಟ್ ವಾಪಸು ತಂದದ್ದನ್ನು ಇಬ್ಬರು ಓದಿ ಖಾತ್ರಿಮಾಡಿ.
6. ಬಾಗಿಲು ಮುಚ್ಚಿ, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು) ಹಾಕಿ, ರ್‍ಯಾಪಿಡ್ ಅತಿ ಕಡಿಮೆಗಿಟ್ಟು, ಒಂದು ಕೈ ಫೀಡ್ ಓವರ್‌ರೈಡ್ ಮೇಲೆ. ಇನ್ನೆಷ್ಟು ದೂರ ಉಳಿದಿದೆ ಎಂದು ತೋರಿಸುವ ಸ್ಕ್ರೀನ್ ನೋಡುತ್ತ ಬಾರಿನ ಹತ್ತಿರ ಬನ್ನಿ.

ಟೂಲು ಬಾರಿನಿಂದ ಎರಡು ಮಿ.ಮೀ. ದೂರ ಕಾಣುತ್ತಿದ್ದು, ಸ್ಕ್ರೀನ್ ಇನ್ನೂ 30 ಉಳಿದಿದೆ ಎಂದರೆ ನಿಲ್ಲಿಸಬೇಕು. ಈ ಒಂದು ಅಭ್ಯಾಸ ಬಂದರೆ ಟೂಲು, ಚಕ್ಕು ಎರಡೂ ಉಳಿಯುತ್ತವೆ. ಎಮರ್ಜೆನ್ಸಿ ಗುಂಡಿಯನ್ನು ಪ್ರತಿಯೊಬ್ಬರಿಂದ ಒಮ್ಮೆ ಒತ್ತಿಸಿ, ಅದು ಎಲ್ಲಿದೆ ಎಂದು ತೋರಿಸಿದರೆ ಸಾಲದು.

ಹಂತ 9: ಅಳತೆ, ತಿದ್ದುಪಡಿ, ಮತ್ತೆ ಅಳತೆ

ಮೊದಲ ಪಿನ್ನಿಗೆ ಫಿನಿಶಿಂಗ್ ಮುನ್ನವೇ ಎಕ್ಸ್ ದಿಕ್ಕಿನ ವೇರ್ (ಟೂಲಿನ ಸವೆತಕ್ಕೆ ತಿದ್ದುವ) ಆಫ್‌ಸೆಟ್‌ನಲ್ಲಿ 0.2 ಕೂಡಿಸಿಡಿ, ಉದ್ದೇಶಪೂರ್ವಕ ದಪ್ಪ ಬರಲಿ. ಫಿನಿಶ್ ಆದಮೇಲೆ ಬಾರನ್ನು ಚಕ್ಕಿನಿಂದ ತೆಗೆಯದೆ, ತಣ್ಣಗಾಗಲು ಬಿಟ್ಟು, ಮೈಕ್ರೋಮೀಟರ್ ಹಾಕಿ. 20.210 ಬಂತು ಎನ್ನಿ. ಬೇಕಾದದ್ದು 19.987. ವೇರ್ ಆಫ್‌ಸೆಟ್‌ನಲ್ಲಿ ಈಗಿರುವುದಕ್ಕಿಂತ 0.223 ಕಡಿಮೆ ಮಾಡಬೇಕು. ಕೂಡಬೇಕೋ ಕಳೆಯಬೇಕೋ ಎಂಬಲ್ಲಿ ಗುಂಪು ಎರಡಾಗುತ್ತದೆ. ಉತ್ತರ ಹೇಳದೆ ಕಾಯಿರಿ. ಮತ್ತೆ ಓಡಿಸಿದಾಗ 19.987ಕ್ಕೇ ಬರುವುದೂ ಅಪರೂಪ. ತೆಳುವಾಗಿ ಕತ್ತರಿಸುವಾಗ ಟೂಲು ಬಾಗುವುದು, ಉಜ್ಜುವುದು ಬೇರೆ ರೀತಿ. 19.991 ಬಂದರೆ ಮಿತಿಯೊಳಗಿದೆ, ಅಲ್ಲಿಗೆ ಬಿಡಿ. ‘ಇನ್ನೊಂದು ಸಲ ತಗೋಳಾನ್ರಿ ಸರ್’ ಎಂದು ನಾಲ್ಕು ಮೈಕ್ರಾನಿಗೆ ಹಟ ಹಿಡಿಯುವವನಿಗೆ ಡ್ರಾಯಿಂಗಿನ ಟಾಲರೆನ್ಸ್ ತೋರಿಸಿ.

ಪ್ರತಿ ಪಿನ್ನಿಗೂ ಒಂದು ಇನ್‌ಸ್ಪೆಕ್ಷನ್ ಹಾಳೆ: ಡ್ರಾಯಿಂಗಿನ ಅಳತೆ, ಮಿತಿ, ಬಂದ ಅಳತೆ, ಆ ಹೊತ್ತಿನ ಕೋಣೆಯ ಉಷ್ಣತೆ, ಅಳೆದವರ ಸಹಿ. ಅಳೆಯುವವರು ಬೇರೆ ಗುಂಪಿನವರಾಗಿರಲಿ. ತಮ್ಮ ಪಿನ್ನನ್ನು ತಾವೇ ಅಳೆದರೆ ಮೈಕ್ರೋಮೀಟರ್ ಹೇಗೋ ಬೇಕಾದ ಅಂಕಿಯನ್ನೇ ತೋರಿಸಿಬಿಡುತ್ತದೆ.

ಹಂತ 10: ಅಂಕ ಕೊಡುವಾಗ

ಪೆನ್‌ಡ್ರೈವಿನಲ್ಲಿ ಒಂದೇ ಫೈಲು ಇಡೀ ಹಾಸ್ಟೆಲ್ ಸುತ್ತುವುದನ್ನು ಕಾವಲು ಕಾದು ತಡೆಯಲಾಗದು. ಅಳತೆಯಿಂದ ತಡೆಯಬಹುದು. ಪಿನ್ನಿನ 20 ವ್ಯಾಸದ ಭಾಗದ ಉದ್ದ ಎಲ್ಲರಿಗೂ 30 ಇಡದೆ, 30ಕ್ಕೆ ಅವರವರ ವಿಶ್ವವಿದ್ಯಾಲಯ ನೋಂದಣಿ ಸಂಖ್ಯೆ, ಅಂದರೆ ಯುಎಸ್‌ಎನ್ನಿನ ಕೊನೆಯ ಅಂಕಿ ಕೂಡಿಸಿ ಎನ್ನಿ. ಬ್ರ್ಯಾಕೆಟ್ಟಿನ ಅಗಲವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಸ್ಕೆಚ್ ಗಟ್ಟಿ ಕಟ್ಟಿದವರಿಗೆ ಇದು ಒಂದು ಅಂಕಿ ಬದಲಿಸುವ ಕೆಲಸ. ನಕಲು ಹೊಡೆದವರ ಅಸೆಂಬ್ಲಿ ತೆರೆದ ಕೂಡಲೇ ಕೆಂಪಾಗುತ್ತದೆ.

ವೈವಾದಲ್ಲಿ ವ್ಯಾಖ್ಯೆ ಕೇಳಬೇಡಿ. ಅವರದೇ ಪಿನ್ನು ಕೈಗೆ ಕೊಟ್ಟು, ‘ಈ ಮುಖವನ್ನು ಕತ್ತರಿಸಿದ ಸಾಲು ನಿನ್ನ ಪ್ರೋಗ್ರಾಮಿನಲ್ಲಿ ಯಾವುದು ತೋರಿಸು’ ಎನ್ನಿ. ಕನ್ನಡದಲ್ಲಿ ಉತ್ತರ ಬಂದರೆ ಅಂಕ ಕಡಿಮೆ ಮಾಡುವ ಕಾರಣವಿಲ್ಲ. ಮಿತಿ ತಪ್ಪಿದ ಪಿನ್ನಿಗೂ ಪೂರ್ತಿ ಸೊನ್ನೆ ಬೇಡ. ಯಾಕೆ ತಪ್ಪಿತು ಎಂದು ಇನ್‌ಸ್ಪೆಕ್ಷನ್ ಹಾಳೆ ಹಿಡಿದು ವಿವರಿಸಿದವರಿಗೆ, ಸುಮ್ಮನೆ ಅದೃಷ್ಟಕ್ಕೆ ಸರಿಬಂದವರಿಗಿಂತ ನಾನು ಒಂದೆರಡು ಹೆಚ್ಚೇ ಕೊಡುತ್ತೇನೆ.

ಆದ ಪಿನ್ನುಗಳನ್ನು ಗಿರಣಿಗೆ ಕೊಡುವ ಉತ್ಸಾಹ ಬರುತ್ತದೆ. ತೋರಿಸಲು ಒಯ್ಯಿರಿ, ಹಾಕಲು ಕೊಡಬೇಡಿ. ಮೂಲ ಪಿನ್ನು ಯಾವ ಉಕ್ಕಿನದು, ಮೇಲ್ಮೈ ಗಟ್ಟಿ ಮಾಡಿಸಿದ್ದರೇ ಎಂಬುದು ಗೊತ್ತಾಗದೆ ನಮ್ಮ ಮೈಲ್ಡ್ ಸ್ಟೀಲಿನದನ್ನು ಓಡುವ ಮಷೀನಿಗೆ ಹಾಕುವುದು ಅಪಾಯ. ಆ ಪಿನ್ನುಗಳು ಮುಂದಿನ ಬ್ಯಾಚಿಗೆ ಅಳತೆಯ ಅಭ್ಯಾಸಕ್ಕಾಗುತ್ತವೆ. ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಒಂದೊಂದರ ಜೊತೆ ಅದರ ಇನ್‌ಸ್ಪೆಕ್ಷನ್ ಹಾಳೆ ಕಟ್ಟಿ ಬೀರುವಿನಲ್ಲಿಡಿ. 25 ಮಿ.ಮೀ. ಬ್ರೈಟ್ ಬಾರಿನ ಇಂಡೆಂಟನ್ನು (ಸರಕಿನ ಬೇಡಿಕೆ ಪತ್ರ) ಸೆಮಿಸ್ಟರ್ ಮುಗಿಯುವ ವಾರವೇ ಹಾಕಿ, ನಮ್ಮ ಸ್ಟೋರಿನಿಂದ ಸರಕು ಬರುವ ವೇಗ ನಿಮಗೆ ಗೊತ್ತಲ್ಲ.